ಹಾಜರಿ ಪುಸ್ತಕದ ಹೊಸ ಹೆಸರುಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಓದಿ, ಮುಂದೆ ಬೇರೆ ಬೇರೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದವಳು ನಾನು. ಸುವರ್ಣ ಮಹೋತ್ಸವದ ವಸ್ತುಪ್ರದರ್ಶನಕ್ಕೆ ಹಳೆಯ ಅಡ್ಮಿಷನ್ ರಿಜಿಸ್ಟರ್‌ಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಐವತ್ತು ವರ್ಷಗಳ ಹೆಸರುಗಳನ್ನು ಒಟ್ಟಿಗೆ ಓದುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಆದ್ದರಿಂದ ಇವತ್ತು ಹೆಸರುಗಳ ಬಗ್ಗೆಯೇ ಮಾತಾಡುತ್ತೇನೆ.

ಮೊದಲ ವಹಿಗಳಲ್ಲಿ ತಿಮ್ಮಪ್ಪ, ಬಸಪ್ಪ, ಗೌರಮ್ಮ, ಕರಿಯಮ್ಮ ಇದ್ದಾರೆ. ಆಮೇಲೆ ಮಂಜುನಾಥ, ಶಿವಕುಮಾರ, ಮಂಜುಳಾ, ಆರತಿ, ಭಾರತಿ ಬರುತ್ತಾರೆ. ಸಿನಿಮಾ ಟೆಂಟು ಊರಿಗೆ ಬಂದದ್ದು ರಿಜಿಸ್ಟರಿನಲ್ಲೇ ಗೊತ್ತಾಗುತ್ತದೆ. ಇನ್ನೂ ಮುಂದೆ ಪುನೀತ್, ಚೈತ್ರಾ, ಸ್ಪಂದನಾ. ಈಗಿನ ಹಾಜರಿ ಪುಸ್ತಕದಲ್ಲಿ ಲಿಖಿತ್, ತನುಷ್, ಅನ್ವಿತಾ. ಅಂಗನವಾಡಿಯಲ್ಲಿ ಐರಾ, ಯುವಾನ್, ಕಿಯಾನ್ ಆಗಲೇ ಕಾದು ಕೂತಿದ್ದಾರೆ.

ಪ್ರದರ್ಶನ ನೋಡಲು ಬಂದ ಹಿರಿಯರು ಹಳೆಯ ಪುಟಗಳ ಮುಂದೆ ನಿಂತು ಖುಷಿಪಟ್ಟರು. ಹೊಸ ಪುಟಗಳಿಗೆ ಬಂದಾಗ ನಕ್ಕರು. “ಇದೇನ್ ಹೆಸರಮ್ಮ? ಅರ್ಥವೇ ಇಲ್ಲ, ಬಾಯಿಗೂ ಬರಲ್ಲ” ಅಂದರು. ಆ ನಗುವಿನ ಬಗ್ಗೆ ನಾಲ್ಕು ಮಾತು ಹೇಳಬೇಕು.

ಹಳೆಯ ಹೆಸರುಗಳಿಗೆಲ್ಲ ಚೆಂದದ ಅರ್ಥವಿತ್ತೆ? ಮಕ್ಕಳು ಹುಟ್ಟಿ ಹುಟ್ಟಿ ಸಾಯುತ್ತಿದ್ದ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ ಎಂದು ಕರೆಯುತ್ತಿದ್ದರು. ಕೆಟ್ಟ ಹೆಸರಿದ್ದರೆ ಸಾವಿನ ಕಣ್ಣು ಬೀಳುವುದಿಲ್ಲ ಎಂಬ ನಂಬಿಕೆ. ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದರೆ ಕೊನೆಯವಳು ಸಾಕಮ್ಮ. ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಹುಸೇನಪ್ಪ, ಫಕೀರಪ್ಪ ಇದ್ದಾರೆ. ದರ್ಗಾಕ್ಕೆ ಹೊತ್ತ ಹರಕೆಯ ಹೆಸರುಗಳವು. ಇವೆಲ್ಲ ನಿಘಂಟು ನೋಡಿ ಇಟ್ಟವಲ್ಲ. ಹೆತ್ತವರ ಭಯ, ಆಸೆ, ಹರಕೆಗಳಿಂದ ಬಂದವು. ಇವತ್ತಿನ ಹೆತ್ತವರಿಗೂ ಭಯ, ಆಸೆ ಇವೆ. ಅವು ಬೇರೆ ಅಕ್ಷರಗಳಲ್ಲಿ ಕಾಣಿಸಿಕೊಳ್ಳುತ್ತಿವೆ, ಅಷ್ಟೆ.

ವಿಚಿತ್ರ ಹೆಸರಿಗೆ ಪಂಚಾಂಗದ ಪಾಲೂ ಇದೆ. ಆರಿದ್ರಾ ನಕ್ಷತ್ರದ ನಾಲ್ಕು ಪಾದಗಳಿಗೆ ಹೇಳುವ ಅಕ್ಷರಗಳು ಕು, ಘ, ಙ, ಛ. ಙ ಅಕ್ಷರದಿಂದ ಯಾವ ಹೆಸರಿಡುತ್ತೀರಿ? ಕನ್ನಡ ಮೇಷ್ಟರನ್ನು ಕೇಳಿದರೂ ಸಿಗುವುದಿಲ್ಲ. ಅಕ್ಷರ ಬಿಡಬಾರದು, ಹೆಸರು ಹೊಸದಾಗಿರಬೇಕು, ಚಿಕ್ಕದಾಗಿರಬೇಕು, ಓಣಿಯಲ್ಲಿ ಇನ್ನೊಬ್ಬರಿಗೆ ಇರಬಾರದು ಎಂದರೆ ಹೆತ್ತವರು ಹೊಸದನ್ನು ಕಟ್ಟಲೇಬೇಕಾಗುತ್ತದೆ.

ಹೊಸ ಹೆಸರು ಇಡುವುದು ಇಂದಿನ ಶೋಕಿಯೂ ಅಲ್ಲ. ಕುಪ್ಪಳಿ ವೆಂಕಟಪ್ಪನವರ ಮಗನ ಹೆಸರು ಪುಟ್ಟಪ್ಪ. ಅದಕ್ಕಿಂತ ಸಾಮಾನ್ಯವಾದ ಹೆಸರು ಮಲೆನಾಡಿನಲ್ಲಿ ಇನ್ನಾವುದಿತ್ತು? ಆ ಪುಟ್ಟಪ್ಪನವರೇ ಕುವೆಂಪು ಆಗಿ, 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದೂ ಇನ್ನೊಬ್ಬ ಮಗನಿಗೆ ಕೋಕಿಲೋದಯ ಚೈತ್ರ ಎಂದೂ ಹೆಸರಿಟ್ಟರು. ಅಪ್ಪ, ಅಯ್ಯ, ಗೌಡ ಯಾವುದೂ ಅದರಲ್ಲಿಲ್ಲ. ಇಂದು ತೇಜಸ್ವಿ ಎಂಬ ಹುಡುಗನಿಲ್ಲದ ಶಾಲೆ ಹುಡುಕಬೇಕು. ಡಾ. ರಾಜಕುಮಾರ್ ಅವರ ಕಿರಿಯ ಮಗನಿಗೆ ಮೊದಲು ಇಟ್ಟ ಹೆಸರು ಲೋಹಿತ್. ಆಮೇಲೆ ಪುನೀತ್ ಆಯಿತು. ಈಗ ಆ ಹೆಸರು ಯಾರಿಗಾದರೂ ವಿಚಿತ್ರ ಎನಿಸುತ್ತದೆಯೆ?

ಬಾಯಿಗೆ ಬರುವುದಿಲ್ಲ ಎಂಬ ದೂರಿಗೆ ನಮ್ಮ ತತ್ಸಮ-ತದ್ಭವದ ಪಾಠದಲ್ಲೇ ಉತ್ತರವಿದೆ. ಬ್ರಹ್ಮ ಬೊಮ್ಮನಾದ, ಲಕ್ಷ್ಮಿ ಲಕುಮಿಯಾದಳು, ವೃಷಭ ಬಸವನಾದ. ವೃಷಭ ಎಂಬ ಪದ ನಾಲಿಗೆಗೆ ಹೊರಳದಿದ್ದಾಗ ಜನ ಅದನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡರು. ಅದನ್ನು ಅಂದು ಯಾರಾದರೂ ತಪ್ಪು ಕಾಗುಣಿತ ಎಂದಿರಬಹುದು. ಇಂದು ಬಸವ ಎಂಬ ಹೆಸರಿಗೆ ಕನ್ನಡ ನಾಡೇ ತಲೆಬಾಗುತ್ತದೆ. ನಮ್ಮ ಅಜ್ಜಿಯರು ಶ್ರೀನಿವಾಸನನ್ನು ಸೀನ, ನಾರಾಯಣನನ್ನು ನಾಣಿ ಮಾಡಿದವರು. ಕಿಯಾನನನ್ನೂ ಅವರು ಒಗ್ಗಿಸಿಕೊಳ್ಳುತ್ತಾರೆ. ಆ ಚಿಂತೆ ಬೇಡ.

ಹಾಗಾದರೆ ನಾವು ನಗುವುದು ಏತಕ್ಕೆ? ಇಷ್ಟು ವರ್ಷ ಪಾಠ ಮಾಡಿ ನನಗೆ ಕಂಡದ್ದನ್ನು ನೇರವಾಗಿ ಹೇಳುತ್ತೇನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೆ ಕಿಯಾರಾ ಎಂದಿಟ್ಟರೆ “ಎಷ್ಟು ಮಾಡರ್ನ್” ಅನ್ನುತ್ತೇವೆ. ಅದೇ ಹೆಸರು ಗಾರೆ ಕೆಲಸದವರ ಮಗಳದಾದರೆ “ಇವರಿಗೇಕೆ ಇದೆಲ್ಲ” ಅನ್ನುತ್ತೇವೆ. ಹೆಸರು ಒಂದೇ. ನಗುವುದು ಹೆಸರಿಗಲ್ಲ, ಅದನ್ನಿಟ್ಟ ಅಪ್ಪ-ಅಮ್ಮನ ಅಂತಸ್ತಿಗೆ.

ಇನ್ನೂ ಒಂದು ಮಾತಿದೆ. ಕರಿಯ, ಕೆಂಚ ಎಂಬ ಹೆಸರು ಕೇಳಿದೊಡನೆ ಹುಡುಗ ಯಾವ ಕೇರಿಯವನೆಂದು ಒಂದು ಕಾಲದಲ್ಲಿ ಊರಿಗೆ ತಿಳಿದುಬಿಡುತ್ತಿತ್ತು. ಅವನನ್ನು ಎಲ್ಲಿ ಕೂರಿಸಬೇಕು, ಯಾವ ಲೋಟದಲ್ಲಿ ನೀರು ಕೊಡಬೇಕು ಎಂಬುದೂ ಅಲ್ಲೇ ತೀರ್ಮಾನವಾಗುತ್ತಿತ್ತು. ಅನ್ವಿತಾ ಎಂದರೆ, ಲಿಖಿತ್ ಎಂದರೆ ಕೇರಿ ತಿಳಿಯುವುದಿಲ್ಲ. ‘ಅರ್ಥವಿಲ್ಲದ ಹೆಸರು’ ಎಂದು ನಾವು ಬೇಸರಪಡುವಾಗ, ನಮಗೆ ಸಿಗದೆ ಹೋದದ್ದು ಯಾವ ಅರ್ಥ ಎಂದು ಒಮ್ಮೆ ಕೇಳಿಕೊಳ್ಳೋಣ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹಾಜರಿ ಕರೆದಾಗ ಓಗೊಡುತ್ತಿರಲಿಲ್ಲ. ಕೈ ಮಾತ್ರ ಎತ್ತುತ್ತಿದ್ದಳು. ಅವಳ ಹೆಸರು ಕೂಗಿದಾಗಲೆಲ್ಲ ತರಗತಿ ನಗುತ್ತಿತ್ತು, ಕೂಗಿದವರೂ ನಗುತ್ತಿದ್ದರು. ಒಂದು ದಿನ ಹೊರಗಿನಿಂದ ಬಂದ ಅತಿಥಿಯೊಬ್ಬರು “ಇದು ಯಾವ ನಿಘಂಟಿನಲ್ಲಿದೆ ಮಗು?” ಎಂದು ಎಲ್ಲರೆದುರು ಕೇಳಿದರು. ಅವಳು ತಲೆ ತಗ್ಗಿಸಿಯೇ ಹೇಳಿದಳು: “ಅರ್ಧ ನಮ್ಮಪ್ಪನ ಹೆಸರು, ಅರ್ಧ ನಮ್ಮವ್ವನ ಹೆಸರು ಸಾರ್.” ಅವಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಚನ್ನಪ್ಪ, ಸವಿತಾ ಎರಡೂ ಸೇರಿ ಚನ್ವಿತಾ ಆಗುವಂತೆ ಎಂದುಕೊಳ್ಳಿ. ನಮ್ಮ ಹೆಸರಿನ ಹಿಂದೆ ಊರಿನ ಇನಿಷಿಯಲ್ ಇರುತ್ತದೆ, ತಂದೆಯ ಇನಿಷಿಯಲ್ ಇರುತ್ತದೆ. ಹೆತ್ತವಳ ಹೆಸರು ಎಲ್ಲಿರುತ್ತದೆ? ಕೂಲಿ ಮಾಡುವ ಆ ಗಂಡ-ಹೆಂಡತಿ ಅದಕ್ಕೊಂದು ಜಾಗ ಮಾಡಿಕೊಟ್ಟಿದ್ದರು. ಅತಿಥಿಗಳು ಸುಮ್ಮನಾದರು. ತರಗತಿಯೂ ಸುಮ್ಮನಾಯಿತು.

ಇನ್ನು ಇಂಗ್ಲಿಷ್ ಸ್ಪೆಲಿಂಗಿನ ವಿಷಯ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ, ಇಂಗ್ಲಿಷಿನಲ್ಲಿ 26. ಕನ್ನಡದಲ್ಲಿ ಗೀತಾ ಎಂದು ಬರೆಯಲು ಒಂದೇ ದಾರಿ. ಇಂಗ್ಲಿಷಿನಲ್ಲಿ ಒಂದು ಐ ಹಾಕಬಹುದು, ಎರಡು ಇ ಹಾಕಬಹುದು. ಬರೀ ಟಿ ಬರೆಯಬಹುದು, ಟಿ ಎಚ್ ಬರೆಯಬಹುದು. ನಾವು ಟಿ ಅಕ್ಷರವನ್ನು ಟಕಾರಕ್ಕೆ ಇಟ್ಟುಕೊಂಡು ತಕಾರಕ್ಕೆ ಟಿ ಎಚ್ ಬರೆಯುತ್ತೇವೆ. ಉತ್ತರದವರು ತಕಾರಕ್ಕೆ ಟಿ, ಥಕಾರಕ್ಕೆ ಟಿ ಎಚ್ ಬರೆಯುತ್ತಾರೆ. ಹಾಗಾಗಿ ನಮ್ಮ ಲತಾ ಅವರ ಕಣ್ಣಿಗೆ ಲಥಾ. ಇಂಗ್ಲಿಷಿನಿಂದ ಕನ್ನಡಕ್ಕೆ ಕಂಪ್ಯೂಟರೇ ತಿರುಗಿಸಿದಾಗ ಹರ್ಷಿತಾ ಹರ್ಷಿಥಾ ಆದ ಗುರುತಿನ ಚೀಟಿಗಳನ್ನು ನಾನೇ ನೋಡಿದ್ದೇನೆ. ಅಂಥ ಸ್ಪೆಲಿಂಗ್ ಕಂಡು ತಾಯಿ ಓದಿದವಳಲ್ಲ ಎಂದು ತೀರ್ಪು ಕೊಡುವುದು ಅನ್ಯಾಯ. ಸಂಖ್ಯಾಶಾಸ್ತ್ರ ಕೇಳಿ ಎ ಅಕ್ಷರವನ್ನು ಎರಡೆರಡು ಸೇರಿಸುವವರಿಗೂ ಒಂದು ಮಾತು: ಕನ್ನಡದಲ್ಲಿ ಬರೆದಾಗ ಆ ಹೆಚ್ಚಿನ ಎ ಕಾಣುವುದೇ ಇಲ್ಲ!

ಇಲ್ಲಿರುವ ಎಳೆಯ ತಂದೆ-ತಾಯಂದಿರಿಗೆ ನನ್ನ ಸಲಹೆ ಇಷ್ಟೆ. ಹೆಸರು ನಿಮ್ಮಿಷ್ಟ. ಆದರೆ ಮೊದಲು ಅದನ್ನು ಕನ್ನಡದಲ್ಲಿ ಬರೆಯಿರಿ. ಹ್ರಸ್ವವೋ ದೀರ್ಘವೋ, ನಕಾರವೋ ಣಕಾರವೋ ಗಟ್ಟಿಮಾಡಿಕೊಳ್ಳಿ. ಆಮೇಲೆ ಒಂದೇ ಒಂದು ಇಂಗ್ಲಿಷ್ ಸ್ಪೆಲಿಂಗ್ ಆರಿಸಿ ಎಲ್ಲ ಕಡೆ ಅದನ್ನೇ ಕೊಡಿ. ಅವಸರ ಬೇಡ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ನಿಜ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆನಂತರ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿ, ಮತದಾರರ ಪಟ್ಟಿ, ಚಾಲನಾ ಪರವಾನಗಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಪ್ರಮಾಣಪತ್ರ ಕೈಗೆ ಬಂದ ದಿನವೇ ಅಕ್ಷರ ಅಕ್ಷರ ಓದಿ ನೋಡಿ. ಹತ್ತನೆಯ ತರಗತಿಯ ಮಕ್ಕಳೆ, ಪರೀಕ್ಷೆಗೆ ನೋಂದಾಯಿಸುವಾಗ ನಿಮ್ಮ ಹೆಸರನ್ನು ನೀವೇ ಓದಿ, ಅಪ್ಪ-ಅಮ್ಮನ ಹೆಸರನ್ನೂ ಓದಿ, ಆಮೇಲೆ ಸಹಿ ಹಾಕಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರು ಜೀವನಪೂರ್ತಿ ನಿಮ್ಮ ಜೊತೆ ಬರುತ್ತದೆ.

ಕೊನೆಯದಾಗಿ ನನ್ನ ಶಿಕ್ಷಕ ಬಂಧುಗಳಿಗೆ ಒಂದು ವಿನಂತಿ. ಮನೆಯ ಹೊರಗೆ ಮಗುವಿನ ಹೆಸರನ್ನು ದಿನಾ ಗಟ್ಟಿಯಾಗಿ ಕೂಗುವವರು ನಾವು. ಜೂನ್ ತಿಂಗಳ ಮೊದಲ ವಾರ ಹಾಜರಿ ಪುಸ್ತಕ ತೆರೆದಾಗ, ತಿಳಿಯದ ಹೆಸರು ಬಂದರೆ, “ನಿನ್ನ ಹೆಸರನ್ನು ಹೇಗೆ ಹೇಳಬೇಕು, ಮಗು?” ಎಂದು ಕೇಳಿ. ಅದು ಹೇಳಿದಂತೆಯೇ ಹೇಳಿ. ಅದಕ್ಕೆ ಅರ್ಧ ನಿಮಿಷ ಸಾಕು.