ಕೊಯ್ದ ಹಣ್ಣು, ಕೊಯ್ಯದ ಹಣ್ಣು



ಬೇಸಿಗೆ ಬಂದರೆ ಸಂತೆಯಲ್ಲಿ ಕಲ್ಲಂಗಡಿ ರಾಶಿ. ಪಕ್ಕದಲ್ಲೇ ಕರಬೂಜ. ಮಕ್ಕಳು ಸೆರಗು ಹಿಡಿದು ಎಳೆಯುತ್ತವೆ. ಬೇಡ ಅನ್ನಬೇಡಿ, ಕೊಡಿಸಿ. ಬಣ್ಣದ ಐಸ್ ಕ್ಯಾಂಡಿಗಿಂತ ಇದು ಎಷ್ಟೋ ಮೇಲು. ಕಲ್ಲಂಗಡಿಯ 100 ಪಾಲಿನಲ್ಲಿ 90 ಪಾಲಿಗೂ ಹೆಚ್ಚು ನೀರೇ. ಬೆವರಿದ ಮೈಗೆ ಅದೇ ಬೇಕು. ಕರಬೂಜದ ತಿರುಳು ಕೇಸರಿ ಬಣ್ಣವಿದ್ದರೆ ಕಣ್ಣಿಗೆ ಬೇಕಾದ 'ಎ' ಜೀವಸತ್ವವೂ ಸಿಗುತ್ತದೆ.

ನಾವು ಮಾಡಿದ ಒಂದು ತಪ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹೋದ ಬೇಸಿಗೆಯಲ್ಲಿ ಒಂದು ಸಂಜೆ ದೊಡ್ಡ ಕಲ್ಲಂಗಡಿ ಕೊಯ್ದೆವು. ಅರ್ಧ ಉಳಿಯಿತು. ದುಡ್ಡು ಕೊಟ್ಟು ತಂದದ್ದಲ್ವಾ? ಎಸೆಯಲು ಮನಸ್ಸು ಬರಲಿಲ್ಲ. ಬುಟ್ಟಿ ಮುಚ್ಚಿ ಇಟ್ಟೆವು. ಮಾರನೇ ದಿನ ಮಧ್ಯಾಹ್ನ ಮಗನಿಗೆ ಕೊಟ್ಟೆವು. ರಾತ್ರಿಗೆ ವಾಂತಿ, ಭೇದಿ ಶುರುವಾಯಿತು. ಓ.ಆರ್.ಎಸ್. ಕುಡಿಸುತ್ತಾ ಆಸ್ಪತ್ರೆಗೆ ಓಡಿದೆವು. ಮೂರು ದಿನ ಹುಡುಗ ಹಾಸಿಗೆ ಬಿಟ್ಟು ಏಳಲಿಲ್ಲ. ಶಾಲೆಯಲ್ಲಿ ಶುಚಿತ್ವದ ಪಾಠ ಹೇಳುವವರು ನಾವೇ!

ಯಾಕೆ ಹೀಗಾಗುತ್ತೆ ಗೊತ್ತಾ? ಈ ಹಣ್ಣುಗಳಲ್ಲಿ ಹುಳಿ ಇಲ್ಲ. ಕೊಯ್ದು ಸೆಕೆಯಲ್ಲಿಟ್ಟರೆ ರೋಗಾಣು ಬೇಗ ಬೆಳೆಯುತ್ತದೆ. ನೋಡಿದರೆ ಕಾಣೋದಿಲ್ಲ, ರುಚಿಯೂ ಕೆಟ್ಟಿರೋದಿಲ್ಲ. ಇಡೀ ಹಣ್ಣಿನ ಮಾತು ಬೇರೆ. ಗಾಯವಿಲ್ಲದ ಕಲ್ಲಂಗಡಿ ನೆರಳಿನಲ್ಲಿ, ತಂಪು ನೆಲದ ಮೇಲೆ ಒಂದು ವಾರ ಇರುತ್ತದೆ. ಹಣ್ಣಾದ ಕರಬೂಜ ಅಷ್ಟು ತಡೆಯೋದಿಲ್ಲ, ಒಂದೆರಡು ದಿನದಲ್ಲಿ ತಿನ್ನಿ. ಕೊಯ್ದ ಮೇಲೆ ಯಾವುದೇ ಆಗಲಿ, ಎರಡು ಗಂಟೆಯೊಳಗೆ ಮುಗಿಸಬೇಕು. ಫ್ರಿಜ್ ಇದ್ದವರು ಮುಚ್ಚಿಟ್ಟು ಮಾರನೇ ದಿನ ತಿನ್ನಬಹುದು. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಈಗ ಚಿಕ್ಕ ಹಣ್ಣೇ ತರುತ್ತೇವೆ. ದೊಡ್ಡದು ತಂದರೆ ಪಕ್ಕದ ಮನೆಗೆ ಅರ್ಧ. ತಳ್ಳುಗಾಡಿಯಲ್ಲಿ ನೊಣ ಕೂತ ಹೋಳಂತೂ ಬೇಡವೇ ಬೇಡ.

ಹಣ್ಣು ಆರಿಸುವುದು ಕಷ್ಟವಲ್ಲ. ಕಲ್ಲಂಗಡಿಯನ್ನು ಹೊರಳಿಸಿ ನೋಡಿ. ನೆಲಕ್ಕೆ ತಾಗಿದ್ದ ಜಾಗ ಹಳದಿ ಇದ್ದರೆ ಬಲಿತಿದೆ. ಬೆಳ್ಳಗಿದ್ದರೆ ಎಳೆಯದು. ಒಂದೇ ಗಾತ್ರದ ಎರಡನ್ನು ಎತ್ತಿ, ಭಾರ ಇರುವುದನ್ನು ತನ್ನಿ. ಕರಬೂಜಕ್ಕೆ ಮೂಗೇ ಸಾಕು. ತೊಟ್ಟಿನ ಹತ್ತಿರ ಘಮ ಬರಬೇಕು. ಹುಳಿ ವಾಸನೆ ಬಂದರೆ, ಒತ್ತಿದ ಕಡೆ ಕುಸಿದರೆ ಬಿಟ್ಟುಬಿಡಿ.

ಕೊಯ್ಯುವ ಮೊದಲು ಹಣ್ಣು, ಕೈ, ಚಾಕು ಮೂರನ್ನೂ ತೊಳೆಯಿರಿ. ಸಿಪ್ಪೆ ತಿನ್ನೋದಿಲ್ಲವಲ್ಲ ಅಂತ ಕೇಳ್ತೀರಿ. ಹಣ್ಣು ಬೆಳೆದದ್ದು ಮಣ್ಣಿನ ಮೇಲೆ. ಸಿಪ್ಪೆಯ ಕೊಳೆಯನ್ನು ಚಾಕು ತಿರುಳಿನೊಳಗೆ ಒಯ್ಯುತ್ತದೆ.

ಕರಬೂಜ ಸಪ್ಪೆ ಇದ್ದರೆ ಬೇಸರ ಬೇಡ. ಕಿವುಚಿ, ಸ್ವಲ್ಪ ಬೆಲ್ಲ, ಏಲಕ್ಕಿ, ಕಾಯಿಹಾಲು ಹಾಕಿ ಆಗಲೇ ಕುಡಿಯಿರಿ. ಕಲ್ಲಂಗಡಿಯ ಹಸಿರು ಸಿಪ್ಪೆ ಹೆರೆದು, ಒಳಗಿನ ಬಿಳಿ ಭಾಗವನ್ನು ನೆನೆದ ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ಯಬಹುದು. ರುಬ್ಬುವಾಗ ನೀರು ಹಾಕಬೇಡಿ, ಅದೇ ನೀರು ಬಿಡುತ್ತದೆ.