ಅರಳು ಮರಳು

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಿರಿಯರೊಬ್ಬರು ಹೇಳಿದ್ದನ್ನೇ ನಾಲ್ಕು ಸಲ ಹೇಳಿದರೆ, ಊಟಮಾಡಿ ಕೈತೊಳೆದ ಮೇಲೆ ಇನ್ನೂ ಊಟವಾಗಲಿಲ್ಲವೆಂದು ಗೊಣಗಿದರೆ, ಮನೆಯವರು ಈ ಮಾತನ್ನಾಡಿ ಸುಮ್ಮನಾಗುತ್ತಾರೆ. ಗಾದೆಯಲ್ಲಿ ತುಸು ನಗೆಯುಂಟು, ತುಸು ಕರುಣೆಯೂ ಉಂಟು. ವರಕವಿ ಬೇಂದ್ರೆಯವರು ತಮ್ಮ ಅರವತ್ತರ ಆಸುಪಾಸಿನ ಕವಿತೆಗಳಿಗೆ ಇದೇ ಹೆಸರನ್ನಿಟ್ಟರು. ಮರಳಿ ಅರಳುವುದೆಂಬ ಇನ್ನೊಂದು ಅರ್ಥವೂ ಆ ಹೆಸರಿನಲ್ಲಿ ಅಡಗಿದೆಯಷ್ಟೆ. 1958ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ನಮ್ಮ ನಿಮ್ಮ ಮನೆಗಳಲ್ಲಿ ಮಾತ್ರ ಈ ಮಾತು ಮಾಡುವ ಕೆಲಸವೇ ಬೇರೆ. ಅದು ಒಂದು ಕಾಯಿಲೆಯನ್ನು ವಯಸ್ಸಿನ ಖಾತೆಗೆ ಬರೆದುಬಿಡುತ್ತದೆ. ಹಾಗೆ ಬರೆದ ಮೇಲೆ ವೈದ್ಯರ ಬಳಿಗೆ ಹೋಗುವ ಕಾರಣವೇ ಉಳಿಯುವುದಿಲ್ಲ. ಗಾದೆಯೊಳಗಿನ ಸೈರಣೆಯನ್ನು ಉಳಿಸಿಕೊಳ್ಳಬೇಕು, ಅದರೊಳಗಿನ ಉದಾಸೀನವನ್ನು ಬಿಡಬೇಕು. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಮರೆವೆಲ್ಲ ರೋಗವಲ್ಲ. ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವುದು, ಪರಿಚಿತರ ಹೆಸರು ನಾಲಗೆಯ ತುದಿಗೆ ಬಂದು ನಿಂತುಬಿಡುವುದು ವಯಸ್ಸಾದವರಿಗೆಲ್ಲ ಆಗುವಂಥದು. ನಲವತ್ತು ವರ್ಷ ಅಡುಗೆ ಮಾಡಿದ ಕೈಗೆ ಸಾರಿನ ಕ್ರಮವೇ ತಿಳಿಯದೆ ಹೋದರೆ, ನಿತ್ಯ ಹೋಗಿಬರುವ ದೇವಸ್ಥಾನದಿಂದ ಮನೆಯ ದಾರಿ ತಪ್ಪಿದರೆ, ಅಂಗಡಿಯ ಲೆಕ್ಕ ಬರೆದು ಬದುಕಿದವರು ಚಿಲ್ಲರೆ ಎಣಿಸಲಾರದೆ ಹೋದರೆ, ಅದು ಬೇರೆಯ ಸಂಗತಿ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದು ಒಂದೇ ರೋಗದ ಹೆಸರಲ್ಲ. ಮಿದುಳಿನ ಹಲವು ರೋಗಗಳಿಂದ ಒದಗುವ ಒಂದು ಸ್ಥಿತಿಯ ಹೆಸರು.

ಇವುಗಳಲ್ಲಿ ಮುಖ್ಯವಾದುದರ ಕಥೆ ಜರ್ಮನಿಯಲ್ಲಿ ಮೊದಲಾಗುತ್ತದೆ. 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯೊಂದಕ್ಕೆ ಮರೆವು, ಸಂಶಯ, ಗಲಿಬಿಲಿಗಳಿಂದ ಬಳಲುತ್ತಿದ್ದ ಒಬ್ಬ ಹೆಂಗಸನ್ನು ಕರೆತಂದರು. ಆಕೆಗೆ ಆಗ 51 ವರ್ಷ. ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಆಕೆಯನ್ನು ಪರೀಕ್ಷಿಸಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ನರಕೋಶಗಳ ನಡುವೆ ಹೆಪ್ಪುಗಟ್ಟಿದಂಥ ಶೇಖರಣೆ, ಕೋಶಗಳ ಒಳಗೆ ಗಂಟುಬಿದ್ದ ಎಳೆಗಳು ಕಂಡವು. 1910ರಲ್ಲಿ ಕ್ರೇಪೆಲಿನ್ ತಮ್ಮ ಮನೋವೈದ್ಯ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರ್ ಹೆಸರನ್ನೇ ಇಟ್ಟರು. ಐವತ್ತೊಂದರ ಹೆಂಗಸಿಗೆ ಅರವತ್ತರ ಗಾದೆ ಸಲ್ಲುವುದಿಲ್ಲ ತಾನೆ? ಆಕೆಯದು ಮುಪ್ಪಲ್ಲ, ರೋಗ.

ಗಾದೆ ಲೆಕ್ಕದಲ್ಲಿಯೂ ಸೋಲುತ್ತದೆ. 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಇದೆ. ಸಂಖ್ಯೆ ದೊಡ್ಡದು, ನಿಜ. ಆದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇದು ಇಲ್ಲ. ಇಲ್ಲದಿರುವುದೇ ಸಹಜ, ಇರುವುದು ವೈದ್ಯರಿಗೆ ತೋರಿಸಬೇಕಾದ ವಿಷಯ.

ತೋರಿಸಿ ಆಗುವುದೇನೆಂದು ಕೆಲವರು ಕೇಳುತ್ತಾರೆ. ಮೊದಲ ಲಾಭವೆಂದರೆ, ಡಿಮೆನ್ಷಿಯಾದಂತೆಯೇ ತೋರಿ ಚಿಕಿತ್ಸೆಗೆ ಬಗ್ಗುವ ಬೇರೆ ತೊಂದರೆಗಳು ಬೆಳಕಿಗೆ ಬರುತ್ತವೆ. ಥೈರಾಯ್ಡ್ ರಸದ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ನಿದ್ದೆಮಾತ್ರೆಗಳ ಅತಿಬಳಕೆ, ಎಂದೋ ಜಾರಿಬಿದ್ದಾಗ ತಲೆಬುರುಡೆಯೊಳಗೆ ಮೆಲ್ಲನೆ ಸೇರಿಕೊಂಡ ರಕ್ತ—ಇವೆಲ್ಲ ಮರೆವಿನ ವೇಷ ಹಾಕಿ ಬರಬಲ್ಲವು. ರಕ್ತಪರೀಕ್ಷೆ, ಮಿದುಳಿನ ಚಿತ್ರ, ನುಂಗುವ ಔಷಧಿಗಳ ಪಟ್ಟಿಯ ಪರಿಶೀಲನೆ ಇವುಗಳಿಂದ ಸತ್ಯ ತಿಳಿಯುತ್ತದೆ. ನಿನ್ನೆ ಮೊನ್ನೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ಬಡಬಡಿಸತೊಡಗಿದರೆ ಸೋಂಕಿನಂಥ ಕಾರಣವಿರಬಹುದು. ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಆಲ್ಝೈಮರ್ ರೋಗವೇ ಎಂದು ಗೊತ್ತಾದರೆ ಔಷಧಿಯ ಮಿತಿಯನ್ನೂ ಅರಿತಿರಬೇಕು. ಡೋನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಎಂಬವು ಕೆಲವರಲ್ಲಿ ಕೆಲವು ಕಾಲ ನೆನಪಿಗೂ ನಿತ್ಯದ ವ್ಯವಹಾರಕ್ಕೂ ಆಸರೆಯಾಗುತ್ತವೆ, ರೋಗವನ್ನು ನಿಲ್ಲಿಸುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮನ್ನಣೆ ಪಡೆದ ಲೆಕಾನೆಮಾಬ್ ರೋಗದ ಆರಂಭದಲ್ಲಿರುವವರಿಗೆ ಮಾತ್ರ. ಅದು ಇಳಿತವನ್ನು ತುಸು ನಿಧಾನಗೊಳಿಸುತ್ತದೆ, ಮಿದುಳಿನಲ್ಲಿ ಬಾವು ಮತ್ತು ರಕ್ತಸ್ರಾವದ ಅಪಾಯವೂ ಅದಕ್ಕೆ ಅಂಟಿಕೊಂಡಿದೆ. ಇದಕ್ಕಿಂತ ಭರವಸೆಯ ಮಾತು ಮುನ್ನೆಚ್ಚರಿಕೆಯದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ಒಂಟಿತನ ಮೊದಲಾದವನ್ನು ಕಾಲದಲ್ಲಿ ನೋಡಿಕೊಂಡರೆ ಎಷ್ಟೋ ಜನರಲ್ಲಿ ಇದನ್ನು ತಡೆಯಬಹುದು, ಇಲ್ಲವೇ ಮುಂದೂಡಬಹುದು. ಸಾಹಿತ್ಯಪ್ರಿಯರಿಗೆ ಹಿತವಾಗುವ ಒಂದು ಸಂಗತಿಯೂ ಇದೆ. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಕಲಿಯದವರಲ್ಲಿಯೂ ಈ ವ್ಯತ್ಯಾಸವಿತ್ತು.

ಔಷಧಿ ನಿಂತಲ್ಲಿ ಆರೈಕೆ ಮೊದಲಾಗುತ್ತದೆ. ನನ್ನ ದೊಡ್ಡಮ್ಮ ಸಂಜೆಯಾದೊಡನೆ, ತಮ್ಮ ಮನೆಯಲ್ಲಿಯೇ ಕುಳಿತು, 'ನನ್ನನ್ನು ಮನೆಗೆ ಕಳಿಸಿ' ಎಂದು ಹಟಹಿಡಿಯುತ್ತಿದ್ದರು. ಅವರ ಮಗ, 'ಅಮ್ಮಾ, ಇದೇ ನಿನ್ನ ಮನೆಯಲ್ಲವೇ' ಎಂದು ವಾದಿಸುತ್ತಿದ್ದ. ವಾದ ಬೆಳೆದಂತೆ ಅವರ ಅಳು ಹೆಚ್ಚುತ್ತಿತ್ತು. ಅತ್ತಿಗೆ ವಾದಕ್ಕೆ ಹೋಗುತ್ತಿರಲಿಲ್ಲ. 'ಹೋಗೋಣ ಅತ್ತೆ, ಹಾಲು ಕಾಯಿಸಿಟ್ಟು ಬರುತ್ತೇನೆ. ಅಷ್ಟರಲ್ಲಿ ಈ ಮಲ್ಲಿಗೆ ಕಟ್ಟಿಕೊಡಿ' ಎಂದು ಬಿಡಿ ಹೂವಿನ ಬುಟ್ಟಿಯನ್ನು ಮುಂದಿಡುತ್ತಿದ್ದರು. ಮಗನ ಹೆಸರನ್ನು ಮರೆತಿದ್ದ ದೊಡ್ಡಮ್ಮನ ಬೆರಳುಗಳು ಹೂ ಕಟ್ಟುವುದನ್ನು ಮರೆತಿರಲಿಲ್ಲ. ಮಾಲೆ ಮೊಳದುದ್ದ ಬೆಳೆಯುವಷ್ಟರಲ್ಲಿ ಮನೆಯ ಮಾತು ಮರೆಯಾಗುತ್ತಿತ್ತು. ಅತ್ತಿಗೆ ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಇಂದು ಬಲ್ಲವರು ಹೇಳುವುದೂ ಇದನ್ನೇ: ತಿದ್ದಬೇಡಿ, ಪರೀಕ್ಷಿಸಬೇಡಿ, ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿ. ಸಂಗತಿ ಮರೆತುಹೋದ ಮೇಲೂ ಗದರಿಸಿಕೊಂಡ ನೋವು ಉಳಿದಿರುತ್ತದೆ.

ಸಣ್ಣ ಏರ್ಪಾಡುಗಳೂ ಬೇಕು. ಊಟ, ಸ್ನಾನ, ನಿದ್ದೆಗಳ ಹೊತ್ತು ಬದಲಾಗಬಾರದು. ಬಚ್ಚಲಿನ ದಾರಿಯಲ್ಲಿ ರಾತ್ರಿ ದೀಪವಿರಬೇಕು. ಗ್ಯಾಸಿನ ಗುಂಡಿ ಕೈಗೆಟುಕಬಾರದು. ಹೆಸರು, ಮನೆಯ ವಿಳಾಸ, ಫೋನ್ ಸಂಖ್ಯೆ ಇರುವ ಚೀಟಿ ಮೈಮೇಲೆ ಇರಬೇಕು. 2016ರಲ್ಲಿ ತೆರೆಗೆ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರ ಮನೆ ತಪ್ಪಿದ ಇಂಥ ತಂದೆಯೊಬ್ಬನ ಕಥೆ. ಕಾಣೆಯಾದವರ ಪ್ರಕಟಣೆಗಳಲ್ಲಿ ನಾವು ಎಷ್ಟೋ ಸಲ ಕೇಳಿ ಮರೆತ ಮಾತು ಅದರ ಹೆಸರಾಗಿದೆ.

ಇನ್ನು ಆರೈಕೆ ಮಾಡುವವರ ಮಾತು. ನಮ್ಮಲ್ಲಿ ಈ ಭಾರ ಹೆಚ್ಚಾಗಿ ಹೆಂಡತಿ, ಮಗಳು, ಸೊಸೆಯರ ಮೇಲೆ ಬೀಳುತ್ತದೆ. ಅತ್ತಿಗೆ ಮೂರು ವರ್ಷ ಒಂದು ಮದುವೆಗೂ ಹೋಗಲಿಲ್ಲ, ತವರಿನಲ್ಲಿ ಒಂದು ರಾತ್ರಿಯನ್ನೂ ಕಳೆಯಲಿಲ್ಲ. ಬಂದ ನೆಂಟರು ಅವರ ಸಹನೆಯನ್ನು ಕೊಂಡಾಡಿ, ಕಾಫಿ ಕುಡಿದು, ಬಸ್ಸಿನ ಹೊತ್ತಾಯಿತೆಂದು ಏಳುತ್ತಿದ್ದರು. ಹೊಗಳಿಕೆಯಿಂದ ಯಾರ ನಿದ್ದೆಯೂ ತೀರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ಚಿಕಿತ್ಸೆಗೆಂದೇ ವಿಭಾಗವುಂಟು; ಇಂಥ ರೋಗಿಗಳ ಕುಟುಂಬಗಳ ನೆರವಿಗೆ 1992ರಲ್ಲಿ ಕೇರಳದಲ್ಲಿ ಹುಟ್ಟಿದ ಆಲ್ಝೈಮರ್ಸ್ ಸಂಘ ಇಂದು ಹಲವು ಊರುಗಳಿಗೆ ಹಬ್ಬಿದೆ. ಆದರೂ ಹಗಲು ಹೊತ್ತು ರೋಗಿಯನ್ನು ಬಿಟ್ಟುಬರುವಂಥ ಕೇಂದ್ರಗಳು ಸಣ್ಣ ಊರುಗಳಲ್ಲಿ ವಿರಳ. ಅವು ಬರುವ ತನಕ ನೆಂಟರಿಷ್ಟರೇ ಆ ಕೇಂದ್ರವಾಗಬೇಕು. ನಿಮ್ಮ ಬಳಗದಲ್ಲಿ ಇಂಥ ಮನೆಯಿದ್ದರೆ, ಮುಂದಿನ ಸಲ ಹೋದಾಗ ಉಪದೇಶ ಹೇಳಬೇಡಿ. 'ಈ ಭಾನುವಾರ ನಾನು ಇಲ್ಲಿ ಕುಳಿತಿರುತ್ತೇನೆ, ನೀವು ಹೋಗಿಬನ್ನಿ' ಎನ್ನಿ. ಆ ಮನೆಗೆ ಬೇಕಾದ ಔಷಧಿಗಳಲ್ಲಿ ಅದೂ ಒಂದು.