ಎಂಟೂವರೆ ಗಂಟೆಯ ಒಪ್ಪಂದ

ಪ್ರದೇಶ ಸಮಾಚಾರದ ಕೊನೆಗೆ ಬರುವ ಒಂದು ವಾಕ್ಯವನ್ನು ತಾವೆಲ್ಲರೂ ಕೇಳಿದ್ದೀರಿ: ‘ಕರಾವಳಿಯ ಹಲವೆಡೆ ಹಾಗೂ ಒಳನಾಡಿನ ಒಂದೆರಡು ಕಡೆ ಮಳೆಯಾಗುವ ಸಂಭವವಿದೆ.’ ಈ ವಾಕ್ಯ ಕಿವಿಗೆ ಬಿದ್ದೊಡನೆ ಮನೆಯ ಹಿರಿಯರು ನಕ್ಕು, ‘ಹಾಗಾದರೆ ಇವತ್ತು ಕೊಡೆ ಬೇಡ’ ಎನ್ನುವುದು ನಮ್ಮಲ್ಲಿ ಹಳೆಯ ಸಂಪ್ರದಾಯ. ಆ ನಗೆಯಲ್ಲಿ ನಾನೂ ಪಾಲುಗೊಂಡಿದ್ದೇನೆ. ಆದರೆ ಅಂಥ ವಾಕ್ಯಗಳ ಹಿಂದೆ ಮೂವತ್ತು ವರ್ಷಕ್ಕೂ ಮಿಗಿಲಾಗಿ ವೀಕ್ಷಕನಾಗಿ ದುಡಿದವನಾದ್ದರಿಂದ, ಅದು ಎಷ್ಟು ಕೈಗಳನ್ನು ದಾಟಿ ನಮ್ಮ ಮನೆಗೆ ಬರುತ್ತದೆಂಬುದನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ನಮ್ಮ ರೈತ ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಗುರುತಿಸಿದವನು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಮಾತಿನಲ್ಲಿ ತಲೆಮಾರುಗಳ ಅನುಭವವಿದೆ. ಆದರೆ ಆ ಅನುಭವ ತನ್ನ ಓಣಿಯ ಮೇಲಿನ ಆಕಾಶದ್ದು. ಗಾಳಿಗೋ ಊರೆಂಬುದಿಲ್ಲ. ಈ ಸತ್ಯವನ್ನು ವಿಜ್ಞಾನಿಗಳು ಎಲ್ಲರ ಕಣ್ಣಿಗೆ ಕಾಣುವಂತೆ ಎತ್ತಿ ತೋರಿಸಿದ್ದು ಒಂದು ಯುದ್ಧದ ನಡುವೆ.

1854ರ ನವೆಂಬರ್ 14ರಂದು ಕಪ್ಪು ಸಮುದ್ರದ ಬಾಲಕ್ಲಾವಾದ ಬಳಿ ಭಾರಿ ಬಿರುಗಾಳಿಯೆದ್ದಿತು. ಕ್ರಿಮಿಯಾ ಯುದ್ಧಕ್ಕೆಂದು ಬಂದು ನಿಂತಿದ್ದ ಬ್ರಿಟಿಷ್ ಮತ್ತು ಫ್ರೆಂಚ್ ಹಡಗುಗಳು ನುಚ್ಚುನೂರಾದವು. ಫ್ರಾನ್ಸಿನ ಸರಕಾರ ಇದರ ವಿಚಾರಣೆಯನ್ನು ಲೆವೆರಿಯೆ ಎಂಬ ಖಗೋಳಶಾಸ್ತ್ರಜ್ಞನಿಗೆ ಒಪ್ಪಿಸಿತು. ಕಣ್ಣಿಗೆ ಕಾಣದ ನೆಪ್ಚೂನ್ ಗ್ರಹ ಎಲ್ಲಿದೆಯೆಂದು ಕಾಗದದ ಮೇಲೆ ಲೆಕ್ಕ ಹಾಕಿ ಹೇಳಿದ್ದ ಮಹಾಶಯ ಆತ. ಯುರೋಪಿನ ಅನೇಕ ಊರುಗಳಿಂದ ಆ ದಿನಗಳ ಟಿಪ್ಪಣಿಗಳನ್ನು ತರಿಸಿ ಸಾಲಾಗಿ ಇಟ್ಟು ನೋಡಿದ. ಬಿರುಗಾಳಿ ಅಂದು ಅಲ್ಲಿ ಹುಟ್ಟಿದ್ದಲ್ಲ. ಪಶ್ಚಿಮದಿಂದ ಹೊರಟು ಒಂದೊಂದೇ ನಾಡನ್ನು ದಾಟಿ ಬಂದಿತ್ತು. ದಾರಿಯುದ್ದಕ್ಕೂ ಅದನ್ನು ಕಂಡವರಿದ್ದರು, ಬರೆದಿಟ್ಟವರೂ ಇದ್ದರು. ಮುಂದಿನ ಊರಿಗೆ ತಿಳಿಸಿದವರು ಮಾತ್ರ ಇರಲಿಲ್ಲ. ತಂತಿಯಲ್ಲಿ ಒಂದು ಮಾತು ಮುಂದೆ ಓಡಿದ್ದರೆ ಹಡಗುಗಳಿಗೆ ಎಚ್ಚರಿಕೆ ತಲುಪಬಹುದಾಗಿತ್ತು.

ನಮ್ಮ ದೇಶಕ್ಕೆ ಇದೇ ಪಾಠ ಬೇರೆ ರೀತಿಯಲ್ಲಿ ಬಂತು. 1864ರಲ್ಲಿ ಚಂಡಮಾರುತವೊಂದು ಕಲ್ಕತ್ತೆಯನ್ನು ಬಡಿಯಿತು. 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಅಲ್ಲಿಯವರೆಗೆ ಪ್ರಾಂತ ಪ್ರಾಂತಕ್ಕೂ ಬೇರೆ ಬೇರೆ ಏರ್ಪಾಡು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಗಿ, ಬ್ಲ್ಯಾನ್‌ಫರ್ಡ್ ಎಂಬಾತ ಅದರ ಹೊಣೆ ಹೊತ್ತ ಮೇಲೆ ಎಲ್ಲ ವೀಕ್ಷಣೆಗಳೂ ಒಂದು ಸೂತ್ರಕ್ಕೆ ಬಂದವು. ಆದರೆ ಮುಂಗಾರಿನ ಗುಟ್ಟು ದೇಶದೊಳಗೆ ಹುಡುಕಿದರೆ ಸಿಕ್ಕುವಂಥದಾಗಿರಲಿಲ್ಲ. 1904ರಲ್ಲಿ ಇಲಾಖೆಯ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರ್ ಜಗತ್ತಿನ ನಾನಾ ಮೂಲೆಗಳ ಅಂಕಿಗಳನ್ನು ಕೂಡಿಹಾಕಿ, ಭಾರತೀಯ ಗುಮಾಸ್ತರ ಕೈಯಲ್ಲಿ ವರ್ಷಗಟ್ಟಲೆ ಲೆಕ್ಕ ಮಾಡಿಸಿದ. ಕಂಡದ್ದೇನು? ಹಿಂದೂ ಮಹಾಸಾಗರದ ಕಡೆ ವಾಯುಭಾರ ಏರಿದಾಗ ಶಾಂತಸಾಗರದ ಕಡೆ ಇಳಿಯುತ್ತದೆ. ಇಲ್ಲಿ ಇಳಿದಾಗ ಅಲ್ಲಿ ಏರುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ. ಇಂದು ನಾವು ಎಲ್ ನಿನೋ ಎಂಬ ಹೆಸರಿನೊಡನೆ ಸೇರಿಸಿ ಹೇಳುವ ದಕ್ಷಿಣ ಆಂದೋಲನ ಇದೇ. ಬಿಜಾಪುರದ ಜೋಳದ ಹೊಲಕ್ಕೂ ಶಾಂತಸಾಗರದ ಯಾವುದೋ ದ್ವೀಪಕ್ಕೂ ನಂಟಿದೆಯೆಂದು ತಿಳಿಯಬೇಕಾದರೆ, ಆ ದ್ವೀಪದಲ್ಲಿ ಯಾರೋ ಒಬ್ಬ ದಿನವೂ ತಪ್ಪದೆ ಅಂಕಿ ಬರೆದಿರಬೇಕು. ಅದನ್ನು ನಮಗೆ ಕೊಡಲು ಒಪ್ಪಿರಲೂಬೇಕು.

ಈ ಒಪ್ಪಿಗೆಯ ಮಾತುಕತೆ 1873ರಲ್ಲಿ ವಿಯೆನ್ನಾ ನಗರದ ಸಮ್ಮೇಳನದಿಂದಲೇ ನಡೆದು ಬಂದದ್ದು. ಅದರ ಫಲವಾದ ವಿಶ್ವ ಹವಾಮಾನ ಸಂಸ್ಥೆ 1950ರ ಮಾರ್ಚ್ 23ರಂದು ಅಸ್ತಿತ್ವಕ್ಕೆ ಬಂತು. 1963ರಲ್ಲಿ ಅದು ‘ವಿಶ್ವ ಹವಾ ಕಾವಲು’ ಎಂಬ ಯೋಜನೆಯನ್ನು ಕೈಗೊಂಡಿತು. ಏರ್ಪಾಡು ಮೂರು ಅಂತಸ್ತಿನದು: ದೇಶ, ಪ್ರದೇಶ, ಜಗತ್ತು. ಭೂಮಂಡಲವನ್ನು ಆರು ಪ್ರದೇಶಗಳಾಗಿ ಹಂಚಿದ್ದಾರೆ. ಏಷ್ಯಾ ಎರಡನೆಯದು, ನಾವು ಅದರೊಳಗೆ. ಒಪ್ಪಂದದ ತಿರುಳು ಮಾತ್ರ ಸರಳ: ಎಲ್ಲರೂ ಒಂದೇ ಗಳಿಗೆಯಲ್ಲಿ ಆಕಾಶವನ್ನು ನೋಡತಕ್ಕದ್ದು, ಒಂದೇ ಬಗೆಯಲ್ಲಿ ಅಳೆಯತಕ್ಕದ್ದು, ಒಂದೇ ಭಾಷೆಯಲ್ಲಿ ಹೇಳತಕ್ಕದ್ದು.

ನಮ್ಮ ವೀಕ್ಷಕ ಬೆಳಗಿನ ಎಂಟೂವರೆಗೆ ಅಂಕಿ ಬರೆಯುವಾಗ ಗ್ರೀನ್‌ವಿಚ್ಚಿನ ಗಡಿಯಾರದಲ್ಲಿ ನಸುಕಿನ ಮೂರು, ಟೋಕಿಯೋದಲ್ಲಿ ನಡುಹಗಲು. ಒಬ್ಬನ ಕೈಯಲ್ಲಿ ಲಾಂದ್ರ, ಮತ್ತೊಬ್ಬನ ತಲೆಯ ಮೇಲೆ ಸುಡುಬಿಸಿಲು, ಗಳಿಗೆ ಒಂದೇ. ಇನ್ನು ಭಾಷೆಯೆಂದರೆ ಐದೈದು ಅಂಕಿಗಳ ಗುಂಪು. ಊರಿಗೂ ಅಂಕಿಯೇ ಹೆಸರು: ಬೆಂಗಳೂರು ಎಂದರೆ 43295. ಮೋಡಕ್ಕೊಂದು ಅಂಕಿ, ಗಾಳಿಯ ದಿಕ್ಕಿಗೊಂದು, ವಾಯುಭಾರಕ್ಕೊಂದು. ಕನ್ನಡ ಬಾರದ ರಷ್ಯನ್ನನೂ ರಷ್ಯನ್ ಬಾರದ ನಾನೂ ಈ ಭಾಷೆಯಲ್ಲಿ ಸರಾಗವಾಗಿ ಮಾತಾಡಬಲ್ಲೆವು.

ಆದರೆ ಆ ಭಾಷೆಯಲ್ಲಿ ಸುಳ್ಳನ್ನೂ ಆಡಬಹುದು. ನಾನು ಆಡಿದ್ದೇನೆ. ಅದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಕೆಲಸಕ್ಕೆ ಸೇರಿದ ಹೊಸತು. ಕರಾವಳಿಯ ಒಂದು ಸಣ್ಣ ವೀಕ್ಷಣಾಲಯ. ಮೇ ತಿಂಗಳ ನಡುವಿನ ಒಂದು ರಾತ್ರಿ. ಪತ್ತನಾಜೆಗೆ ಮುಂಚಿನ ಬಯಲಾಟ. ಬೆಳಗಿನವರೆಗೂ ಆಟ ನೋಡಿ ಬಂದು ಮಲಗಿದವನಿಗೆ ಎಚ್ಚರವಾದಾಗ ಹೊತ್ತು ಮೀರಿತ್ತು. ವಾಯುಭಾರ ಮಾಪಕವನ್ನು ನೋಡುವ ಗೋಜಿಗೇ ಹೋಗದೆ, ಹಿಂದಿನ ದಿನದ ಅಂಕಿಯನ್ನು ಕೊಂಚ ತಿದ್ದಿ ಬರೆದು ತಂತಿ ಕಚೇರಿಗೆ ಓಡಿದೆ. ಒಂದು ದಿನದಲ್ಲಿ ಲೋಕ ಮುಳುಗುವುದೇ ಎಂಬ ಹುಂಬತನ. ಎರಡು ಗಂಟೆಯೊಳಗೆ ಮರುತಂತಿ ಬಂತು: ವಾಯುಭಾರವನ್ನು ಪುನಃ ಪರಿಶೀಲಿಸಿ ತಿಳಿಸಿ. ಹೋಗಿ ನೋಡುತ್ತೇನೆ, ಪಾದರಸ ನಾಲ್ಕು ಮಿಲಿಬಾರಿನಷ್ಟು ಕುಸಿದಿದೆ! ರಾತ್ರಿ ನಾನು ಚೆಂಡೆಯ ಸದ್ದಿಗೆ ತಲೆದೂಗುತ್ತಿದ್ದಾಗ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವೊಂದು ರೂಪುಗೊಳ್ಳುತ್ತಿತ್ತು. ಸರಿಯಾದ ಅಂಕಿ ಹೋಯಿತು. ಬಂದರಿನಲ್ಲಿ ಎಚ್ಚರಿಕೆಯ ಗುರುತು ಏರಿತು. ದೈವ ದೊಡ್ಡದು, ಯಾವ ದೋಣಿಗೂ ಅಪಾಯವಾಗಲಿಲ್ಲ.

ಕೆಲವು ತಿಂಗಳ ಮೇಲೆ ನಮ್ಮ ಹಿರಿಯ ಅಧಿಕಾರಿಯೊಬ್ಬರು ಆ ದಿನದ ನಕ್ಷೆಯನ್ನು ನನ್ನ ಮುಂದೆ ಹರಡಿದರು. ಸಮಭಾರ ರೇಖೆಗಳು ತೀರದುದ್ದಕ್ಕೂ ನೇರವಾಗಿ ಬಂದು, ನಮ್ಮೂರಿನ ಬಳಿ ಮಾತ್ರ ಗಂಟು ಬಿದ್ದಂತೆ ತಿರುಚಿಕೊಂಡಿದ್ದವು. ‘ಇದು ಗಾಳಿಯ ಗಂಟಲ್ಲ, ನಿನ್ನ ನಿದ್ದೆಯ ಗಂಟು’ ಎಂದರು. ಬೈಯಲಿಲ್ಲ. ನೆರೆಯ ಊರುಗಳು ನಿಜ ಹೇಳಿದ್ದರಿಂದ ನನ್ನ ಸುಳ್ಳು ಸಿಕ್ಕಿಬಿತ್ತು. ನೆರೆಯವರೂ ನನ್ನಂತೆಯೇ ಮಲಗಿದ್ದರೆ? ಈ ಪ್ರಶ್ನೆ ಅಂದಿನಿಂದ ನನ್ನನ್ನು ಎಂಟೂವರೆಗೆ ಸರಿಯಾಗಿ ಎಬ್ಬಿಸುತ್ತಾ ಬಂದಿದೆ.

ಮನುಷ್ಯ ಪ್ರಾಮಾಣಿಕನಾದರೆ ಸಾಲದು, ಉಪಕರಣವೂ ಪ್ರಾಮಾಣಿಕವಾಗಿರಬೇಕು. ಇಲ್ಲಿ ಅಣ್ಣಾ ಮಣಿಯವರನ್ನು ನೆನೆಯದಿದ್ದರೆ ತಪ್ಪಾದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ನಡೆಸಿದ ಈ ಮಹಿಳೆ 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಸುಮಾರು ನೂರು ಉಪಕರಣಗಳ ನಕಾಶೆಗಳನ್ನು ಒಂದೇ ಮಾದರಿಗೆ ತಂದು, ಅವು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದರು. ಒಂದೂರಿನ ಮಾಪಕ ಇನ್ನೊಂದೂರಿನ ಮಾಪಕದೊಡನೆ ಹೊಂದದಿದ್ದರೆ ಜಾಲವೆಂಬುದು ಬರಿಯ ಹೆಸರು.

ಪ್ರಾದೇಶಿಕ ಅಂತಸ್ತಿನ ಬೆಲೆ ನಮಗೆ ತಿಳಿದದ್ದು ಬಹು ದೊಡ್ಡ ದುಃಖದಿಂದ. 1970ರ ನವೆಂಬರಿನಲ್ಲಿ, ಇಂದು ಬಾಂಗ್ಲಾದೇಶವಾಗಿರುವ ನೆಲದಲ್ಲಿ, ಚಂಡಮಾರುತಕ್ಕೆ ಬಲಿಯಾದವರು ಕಡಿಮೆಯೆಂದರೂ ಮೂರು ಲಕ್ಷ ಜನ. ಅನಂತರ, 1972ರಲ್ಲಿ, ಬಂಗಾಳ ಕೊಲ್ಲಿ ಹಾಗೂ ಅರಬ್ಬಿ ಸಮುದ್ರದ ಸುತ್ತಲಿನ ದೇಶಗಳಿಗಾಗಿ ಒಂದು ಚಂಡಮಾರುತ ಮಂಡಲಿ ಏರ್ಪಟ್ಟಿತು. ಈ ಎರಡು ಕಡಲುಗಳ ಚಂಡಮಾರುತಗಳ ಬಗ್ಗೆ ನೆರೆಯ ದೇಶಗಳಿಗೂ ಸೂಚನೆ ನೀಡುವ ಹೊಣೆ ಇಂದು ದೆಹಲಿಯ ಕೇಂದ್ರದ್ದು. 2020ರಲ್ಲಿ 13 ದೇಶಗಳು ತಲಾ 13 ಹೆಸರು ಕೊಟ್ಟು 169 ಚಂಡಮಾರುತಗಳಿಗೆ ಮುಂಚಿತವಾಗಿಯೇ ನಾಮಕರಣ ಮಾಡಿಟ್ಟಿವೆ. ಬೇರೆ ವಿಷಯಗಳಲ್ಲಿ ಒಂದೇ ಮೇಜಿಗೆ ಬರಲು ಹಿಂದೆಮುಂದೆ ನೋಡುವ ಭಾರತವೂ ಪಾಕಿಸ್ತಾನವೂ ಈ ಪಟ್ಟಿಯಲ್ಲಿ ಜೊತೆಗಿವೆ. ಗಾಳಿ ಕಲಿಸಿದ ಸೌಜನ್ಯವೆನ್ನೋಣ.

ಆದರೂ ಈ ಬಲೆಯಲ್ಲಿ ಹರಿದ ಕಣ್ಣುಗಳು ಅನೇಕ. ಎಲ್ಲ ದೇಶಗಳೂ ಕನಿಷ್ಠ 200 ಕಿಲೋಮೀಟರಿಗೊಂದು ನೆಲದ ವೀಕ್ಷಣೆಯನ್ನೂ, 500 ಕಿಲೋಮೀಟರಿಗೊಂದರಂತೆ ದಿನಕ್ಕೆರಡು ಸಲ ಬಲೂನು ಹಾರಿಸಿ ಮೇಲುಗಾಳಿಯ ವಿವರವನ್ನೂ ಹಂಚಿಕೊಳ್ಳಬೇಕೆಂದು 2021ರಲ್ಲಿ ವಿಶ್ವ ಸಂಸ್ಥೆ ನಿಯಮಿಸಿತು. ಆಫ್ರಿಕದ ಎಷ್ಟೋ ನಾಡುಗಳಿಗೆ, ಶಾಂತಸಾಗರದ ಪುಟ್ಟ ದ್ವೀಪಗಳಿಗೆ ಇದು ಎಟುಕದ ವೆಚ್ಚ. ಉಪಗ್ರಹಗಳಿವೆಯಲ್ಲ ಎಂದು ತಾವು ಕೇಳಬಹುದು. ಉಪಗ್ರಹ ಮೇಲಿನಿಂದ ನೋಡುತ್ತದೆ, ನಿಜ. ನೆಲದ ಮಟ್ಟದ ವಾಯುಭಾರವನ್ನು ಅಳೆಯಲು ಈಗಲೂ ನೆಲದಲ್ಲೇ ಮಾಪಕವಿರಬೇಕು. ಅಲ್ಲಿನ ಬಡ ಕೇಂದ್ರವೊಂದು ಮುಚ್ಚಿದರೆ ಮಸುಕಾಗುವುದು ನಮ್ಮ ಮುಂಗಾರಿನ ಚಿತ್ರವೂ ಹೌದು. ಆದ್ದರಿಂದ ಆ ದೇಶಗಳಿಗೆ ನೆರವು ನೀಡುವುದನ್ನು ದಾನವೆಂದು ನಾನು ಕರೆಯಲಾರೆ. ಅದು ನೆರೆಮನೆಯ ದೀಪಕ್ಕೆ ಎಣ್ಣೆ ಹೊಯ್ದು ನಮ್ಮ ಅಂಗಳಕ್ಕೂ ಬೆಳಕು ಮಾಡಿಕೊಳ್ಳುವ ವಿವೇಕ.

ಕಾಲ ಬದಲಾಗಿದೆ. ತಂತಿ ಕಚೇರಿಗಳು ಮುಚ್ಚಿಹೋದವು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಇಂದು ತಾವಾಗಿಯೇ ವರದಿ ಕಳಿಸುವ ಮಳೆಮಾಪಕಗಳಿವೆ. ಅವಕ್ಕೆ ಬಯಲಾಟದ ಚಪಲವಿಲ್ಲ, ನಿದ್ದೆಯೂ ಇಲ್ಲ. ಆದರೆ ಆಲಿಕೆಯ ಬಾಯಿಗೆ ಒಂದು ಒಣಗಿದೆಲೆ ಅಡ್ಡ ಬಿದ್ದರೆ ಸುರಿವ ಮಳೆಯಲ್ಲೂ ಯಂತ್ರ ಸೊನ್ನೆಯನ್ನೇ ಬರೆದೀತು. ಆ ಎಲೆಯನ್ನು ತೆಗೆಯಲು ಮನುಷ್ಯನೇ ಹೋಗಬೇಕು. ಹೋಗಬೇಕೆಂದು ಅವನಿಗೆ ಅನ್ನಿಸಲೂ ಬೇಕು.

ನಾನು ನಿವೃತ್ತನಾಗಿ ಬಹಳ ವರ್ಷಗಳಾದವು. ಈಗಲೂ ಎಂಟೂವರೆಗೆ ಕಾಫಿಯ ಲೋಟ ಹಿಡಿದು ಅಂಗಳಕ್ಕೆ ಬರುತ್ತೇನೆ. ಅದೇ ಗಳಿಗೆಯಲ್ಲಿ ಮಾಲ್ಡೀವ್ಸಿನಲ್ಲೋ ಮಸ್ಕತ್ತಿನಲ್ಲೋ ನನ್ನ ಹೆಸರೇ ತಿಳಿಯದ ಒಬ್ಬ ತಲೆಯೆತ್ತಿ ಮೋಡಗಳನ್ನು ಎಣಿಸುತ್ತಿರುತ್ತಾನೆ. ಅವನು ಕಂಡದ್ದನ್ನು ಕಂಡಂತೆ ಬರೆಯುತ್ತಾನೆಂಬ ನಂಬಿಕೆಯ ಮೇಲೆ ನಮ್ಮೂರಿನ ನಾಳೆಯ ಮಳೆ ನಿಂತಿದೆ. ಮುಂದಿನ ಸಲ ‘ಒಂದೆರಡು ಕಡೆ ಮಳೆಯಾಗುವ ಸಂಭವವಿದೆ’ ಎಂದು ಕೇಳಿದಾಗ ತಾವು ಧಾರಾಳವಾಗಿ ನಗಿರಿ. ಕೊಡೆಯನ್ನು ಮಾತ್ರ ಮರೆಯದೆ ಜೊತೆಗಿಟ್ಟುಕೊಳ್ಳಿ.